ದೇವೀರಮ್ಮನ ಮೊಣಕೈ

ಈ ಲೋಕದಲ್ಲಿ ದೇವೀರಮ್ಮ ನಂಬುತ್ತಿದ್ದದ್ದು ಒಂದನ್ನೇ, ತನ್ನ ಎಡ ಮೊಣಕೈಯನ್ನು. ಮೊಣಕೈ ಎಂದರೆ ಹೊರಗಿನ ಮೂಳೆಯಲ್ಲ, ಕೈ ಮಡಚುವ ಕಡೆ ಒಳಮಗ್ಗುಲಲ್ಲಿರುವ ಮೆತ್ತನೆಯ ಚರ್ಮ. ಕಾಫಿ ಕೊಟ್ಟರೆ ಲೋಟಕ್ಕೆ ಮೊಣಕೈ ತಾಗಿಸಿ, ತೀರ್ಪು ಕೊಟ್ಟು, ಆಮೇಲೆ ಕುಡಿಯುವಳು. ಜ್ವರ ಬಂದವರ ಹಣೆಗೆ ಮೊಣಕೈ, ಹೆಪ್ಪು ಹಾಕುವ ಹಾಲಿನ ಪಾತ್ರೆಗೆ ಮೊಣಕೈ. ಒಮ್ಮೆ ಬೇಲೂರಿಗೆ ಹೋಗುವ ಬಸ್ಸು ದಾರಿಯಲ್ಲಿ ಹೊಗೆ ಕಾರುತ್ತ ನಿಂತಾಗ ಇಂಜಿನ್ನಿನ ಮುಚ್ಚಳಕ್ಕೂ ಮೊಣಕೈ ಇಟ್ಟು, "ಇದಕ್ಕೆ ನೂರಾ ನಾಲ್ಕು ಐತೆ, ಎಲ್ಲಾ ಇಳೀರಿ" ಎಂದಿದ್ದಳಂತೆ. ಡ್ರೈವರು ನಗಲಿಲ್ಲ, ಸುಮ್ಮನೆ ಇಳಿದ. ಅವನು ಹುಟ್ಟಿದಾಗ ಅವನಿಗೆ ನೀರೆರೆದವಳೂ ಇವಳೇ.

"ಅಂಗೈ ಸುಳ್ಳು ಹೇಳತೈತೆ ಕಣೋ," ಎನ್ನುವಳು. "ಕಳೆ ಕಿತ್ತು, ಪಾತ್ರೆ ತಿಕ್ಕಿ ಅದರ ಚರ್ಮ ದಡ್ಡಾಗೋಗಿರತೈತೆ. ಮೊಣಕೈ ಒಳಗಡೆ ನೋಡು, ಯಾವ ಕೆಲಸವೂ ಮಾಡದೆ ಆರಾಮಾಗಿ ಕೂತಿರತೈತೆ. ಅದಕ್ಕೇ ಅದಕ್ಕೆ ಎಲ್ಲಾ ಗೊತ್ತಾಗೋದು." ಕೆಲಸ ಮಾಡದೆ ಆರಾಮಾಗಿ ಕೂತವರ ಮಾತು ಬಂದಾಗೆಲ್ಲ ಅವಳು ನನ್ನ ಮುಖ ನೋಡುತ್ತಿದ್ದಳು.

ಹಳೇಬೀಡು ಮತ್ತು ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳಿಗೆ ನೀರೆರೆಯುವುದು, ಬಾಣಂತಿಯರನ್ನು ನೋಡಿಕೊಳ್ಳುವುದು ಅವಳ ಕೆಲಸ. ನಲವತ್ತು ವರ್ಷ ಅದನ್ನೇ ಮಾಡಿದಳು. ಕಾಲು ಚಾಚಿ ಕೂತು, ಕೂಸನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಒರೆಸಿ, ಸಾಂಬ್ರಾಣಿ ಹೊಗೆ ತೋರಿಸಿ, ಕುಲಾವಿ ಕಟ್ಟಿ ತೊಟ್ಟಿಲಿಗೆ ಹಾಕುವಷ್ಟರಲ್ಲಿ ಕೂಸು ನಿದ್ದೆ ಹೋಗಿರುತ್ತಿತ್ತು. ದೇವೀರಮ್ಮನ ಕೈಗುಣ ಎಂದರೆ ಊರಿಗೆ ಊರೇ ಒಪ್ಪುತ್ತಿತ್ತು. ಹೊಯ್ಸಳೇಶ್ವರನ ಗುಡಿಯ ಗೋಡೆಯ ಮೇಲಿನ ಕಲ್ಲಿನ ಹೆಂಗಸರನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರಲ್ಲ, ಆ ಹೆಂಗಸರ ಬಗ್ಗೆ ಅವಳ ಅಭಿಪ್ರಾಯ ಒಂದೇ: "ಸೊಂಟ ನೋಡು, ಒಬ್ಬಳೂ ಹೆತ್ತಿಲ್ಲ. ಹೆತ್ತಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ."

ನೀರಿನ ಹದಕ್ಕೆ ಮೊಣಕೈ ಮೊದಲ ಸಾಕ್ಷಿಯಾದರೆ ಕೂಸು ಎರಡನೆಯ ಸಾಕ್ಷಿ. ನೀರು ಬಿಸಿಯಾದರೆ ಕೂಸು ಕಿರುಚುತ್ತದೆ, ತಣ್ಣಗಾದರೆ ಸೆಟೆದುಕೊಳ್ಳುತ್ತದೆ, ಹದವಾಗಿದ್ದರೆ ಮೊದಲ ಚೊಂಬಿಗೇ ಉಚ್ಚೆ ಹುಯ್ಯುತ್ತದೆ. ಇದು ಅವಳ ಶಾಸ್ತ್ರ. ಇದಕ್ಕೆ ಉದಾಹರಣೆಯಾಗಿ ಅವಳು ಎಲ್ಲರೆದುರು ಎತ್ತಿ ತೋರಿಸುತ್ತಿದ್ದದ್ದು ನನ್ನನ್ನು. "ಈ ಮಂಜ ಇದಾನಲ್ಲ, ಇವನಷ್ಟು ಪ್ರಾಮಾಣಿಕ ಕೂಸು ನಾ ಕಂಡಿಲ್ಲ. ನೀರು ಬಿದ್ದೇಟಿಗೇ ಹುಯ್ದುಬಿಡೋನು. ಒಂದು ದಿನ ತಪ್ಪಿಸಿದೋನಲ್ಲ." ಮೀಸೆ ಬಂದ ಮೇಲೆ, ಕೃಷಿ ಡಿಪ್ಲೊಮಾ ಮಾಡಿದ ಮೇಲೆ, ಹೆಂಡತಿ ಕಡೆಯವರು ಮನೆಗೆ ಬಂದಾಗ, ಹೀಗೆ ಎಲ್ಲ ಕಾಲದಲ್ಲೂ ನನಗೆ ಈ ಪ್ರಶಸ್ತಿ ಪತ್ರ ಸಿಕ್ಕಿದೆ.

ಆಮೇಲೆ ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದವು. ಮೂಗಿಗೆ ಎಣ್ಣೆ ಬಿಡಬೇಡಿ, ಹೊಗೆ ಹಾಕಬೇಡಿ, ಬಿಸಿಬಿಸಿ ಕೋಣೆಯಲ್ಲಿ ಮುಚ್ಚಿಡಬೇಡಿ ಎಂದು ನರ್ಸಮ್ಮಂದಿರು ಹೇಳಿ ಕಳಿಸತೊಡಗಿದರು. ಕರೆಯುವವರು ಕಡಿಮೆಯಾಗಿ, ಒಂದು ವರ್ಷ ಯಾರೂ ಕರೆಯಲೇ ಇಲ್ಲ. ಅವಳು ಯಾರನ್ನೂ ಬೈಯಲಿಲ್ಲ. "ಅವರು ಓದಿರೋರು ಕಣಪ್ಪ," ಎಂದಷ್ಟೇ ಹೇಳಿ ಕೂಲಿಗೆ ಹೊರಟಳು. ಹಾಗೆ ಬಂದು ಸೇರಿದ್ದು ನನ್ನ ನರ್ಸರಿಗೆ.

ನನ್ನ ನರ್ಸರಿಯ ಆಗಿನ ಕಥೆ ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳುತ್ತೇನೆ. ಬಸದಿಗಳ ಹಿಂದಿನ ದಾರಿಯಲ್ಲಿ ಜೈನರ ಧರಣಪ್ಪನವರ ಅರ್ಧ ಎಕರೆ ಗುತ್ತಿಗೆಗೆ ಹಿಡಿದು, ಹಸಿರು ನೆರಳುಬಲೆ ಕಟ್ಟಿ, ಪ್ಲಾಸ್ಟಿಕ್ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ತರಕಾರಿ ಸಸಿ ಬೆಳೆಸಿ ಮಾರುವ ಉದ್ಯೋಗ. ಧರಣಪ್ಪನವರದು ಒಂದೇ ಷರತ್ತು: ಕತ್ತಲಾದ ಮೇಲೆ ದೀಪ ಹಾಕಕೂಡದು, ದೀಪಕ್ಕೆ ಹುಳ ಬಂದು ಸಾಯುತ್ತವೆ. ನಾನು ದೊಡ್ಡ ಮನಸ್ಸಿನಿಂದ ಒಪ್ಪಿದೆ. ಹುಳಕ್ಕೆ ಅಭಯ ಸಿಕ್ಕಿತು, ಸಾಯುವ ಕೆಲಸವನ್ನು ನನ್ನ ಸಸಿಗಳು ವಹಿಸಿಕೊಂಡವು.

ಮೊದಲ ಚಳಿಗಾಲ ಹಾಕಿದ್ದು ಮೆಣಸಿನಕಾಯಿ. ಬಾಣಾವರದ ಓಂಕಾರಪ್ಪ ಎಂಬ ತೆಂಗಿನ ತೋಟದವರು, ತಮಗೂ ತಮ್ಮ ಸುತ್ತಿನ ಹತ್ತು ಮನೆಗೂ ಸೇರಿಸಿ ಮೆಣಸಿನಕಾಯಿ ಸಸಿ ಕೇಳಿದ್ದರು. ಬಿತ್ತಿದೆ. ಹದಿನೈದು ದಿನವಾದರೂ ಅರ್ಧಂಬರ್ಧ ಮೊಳಕೆ. ಎದ್ದವೂ ಸಂಜೆ ನಿಂತಿದ್ದು ಹೊತ್ತಾರೆ ಮಲಗಿರುತ್ತಿದ್ದವು. ಎಲೆ ಹಸಿರಾಗೇ ಇರುತ್ತಿತ್ತು, ಮಣ್ಣು ಮುಟ್ಟುವ ಕಡೆ ಮಾತ್ರ ಕಾಂಡ ದಾರದಷ್ಟು ಸಣ್ಣಗಾಗಿ ಕಂದಿರುತ್ತಿತ್ತು. ಬುಡ ಕೊಳೆ. ಔಷಧಿ ಅಂಗಡಿಯಿಂದ ಪುಡಿ ತಂದು ಕಲಸಿ ಹುಯ್ದೆ. ಬಿದ್ದವು. ಎರಡನೇ ಸಲ ಬಿತ್ತಿ, ದಿನ ಬಿಟ್ಟು ದಿನ ಹುಯ್ದೆ. ಇನ್ನೂ ಬೇಗ ಬಿದ್ದವು.

ಓಂಕಾರಪ್ಪ ಬೈಕು ನಿಲ್ಲಿಸಿ ಒಳಗೆ ಬಂದು ಖಾಲಿ ಟ್ರೇಗಳನ್ನು ನೋಡಿದರು. ಅವರು ಕೂಗಾಡುವ ಮನುಷ್ಯರಲ್ಲ, ಅದೇ ಕಷ್ಟ. "ಮಂಜಣ್ಣ, ಹತ್ತು ಮನೆಯವರ ಹತ್ರ ನಾನು ನಿನ್ನ ಹೆಸರು ಹೇಳಿದೀನಿ. ಇನ್ನೊಂದು ಸಲ ಹಾಕು. ಇದೂ ಬಿತ್ತು ಅಂದ್ರೆ ನಾನು ಬೇರೆ ಕಡೆ ನೋಡ್ಕೋತೀನಿ. ಆಮೇಲೆ ಅರಸೀಕೆರೆ ತಾಲ್ಲೂಕಲ್ಲಿ ನಿನ್ನ ಹತ್ರ ಸಸಿ ತಗೊಳ್ಳೋರು ಯಾರೂ ಇರಲ್ಲ ನೋಡು." ಸಸಿ ಮಾರುವವನಿಗೆ ಇರುವ ಆಸ್ತಿ ಹೆಸರು ಒಂದೇ. ಅದು ಹೋದರೆ ನೆರಳುಬಲೆ ಬಿಚ್ಚಿ ಮಡಚಿಡುವುದೇ ಉಳಿದ ಕೆಲಸ.

ಮೂರನೇ ಬಿತ್ತನೆಗೆ ಕೂಲಿಗೆ ಬಂದವರಲ್ಲಿ ದೇವೀರಮ್ಮ ಇದ್ದಳು. ಬೆಳಿಗ್ಗೆ ಏಳು ಗಂಟೆ, ಮಂಜು ಇನ್ನೂ ಕರಗಿರಲಿಲ್ಲ. ಹಿಂದಿನ ಸಲದ್ದರಲ್ಲಿ ಬದುಕುಳಿದ ನಾಲ್ಕಾರು ಟ್ರೇಗೆ ನಾನು ಪೈಪು ಹಿಡಿದು ನೀರು ಬಿಡುತ್ತಿದ್ದೆ. ಅವಳು ಬಂದು ನೀರಿಗೆ ಮೊಣಕೈ ಒಡ್ಡಿದಳು. ಆಮೇಲೆ ಬಗ್ಗಿ ಟ್ರೇಗೆ ಒಡ್ಡಿದಳು. ಆಮೇಲೆ ನನ್ನ ಕೈಯಿಂದ ಪೈಪು ಕಿತ್ತುಕೊಂಡು ಬದುವಿಗೆ ಎಸೆದಳು.

"ಹುಟ್ಟಿ ನಾಕು ದಿನದ ಕೂಸಿಗೆ ಹೊತ್ತಾರೆ ಎದ್ದು ತಣ್ಣೀರು ಹುಯ್ತಿದೀಯಲ್ಲ, ನಿಂಗೆ ನಾನು ಹಿಂಗೆ ಎರೆದಿದ್ರೆ ನೀನು ಇವತ್ತು ಇರ್ತಿದ್ಯಾ?"

"ದೇವೀರಮ್ಮ, ಸಾಯ್ತಿರೋದು ಚಳಿಯಿಂದಲ್ಲ. ಇದು ಶಿಲೀಂಧ್ರ, ಬೂಷ್ಟು. ಬುಡ ತಿನ್ನುತ್ತೆ."

"ಬೂಷ್ಟು ಬೇಸಿಗೇಲಿ ಇರಾಕಿಲ್ವಾ?"

"ಇರುತ್ತೆ."

"ಮತ್ತೆ ಬೇಸಿಗೇಲಿ ಹಾಕಿದ ಮೆಣಸಿನಕಾಯಿ ಯಾಕೆ ಹಿಂಗೆ ಬೀಳಲ್ಲ?"

ಉತ್ತರ ನನ್ನ ಡಿಪ್ಲೊಮಾ ಪುಸ್ತಕದಲ್ಲಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡು ಅಲ್ಲೇ ಬಿಟ್ಟು ಬಂದಿದ್ದೆ. ಮೆಣಸಿನಕಾಯಿ ಸೆಕೆಯ ಗಿಡ. ಬೆಚ್ಚಗಿದ್ದರೆ ವಾರದಲ್ಲಿ ಎದ್ದು ಕಾಂಡ ಗಟ್ಟಿ ಮಾಡಿಕೊಂಡುಬಿಡುತ್ತದೆ, ಬೂಷ್ಟಿಗೆ ಹಲ್ಲು ಊರುವಷ್ಟು ಸಮಯ ಸಿಗುವುದಿಲ್ಲ. ಚಳಿಯಲ್ಲಿ ಸಸಿ ಮೂರು ವಾರ ಎಳಸಾಗಿಯೇ ಕೂತಿರುತ್ತದೆ. ಒದ್ದೆಯಿದ್ದರೆ ಸಾಕು, ಬೂಷ್ಟಿಗೆ ಆ ಚಳಿ ಲೆಕ್ಕಕ್ಕಿಲ್ಲ, ಅದು ನಿಧಾನವಾಗಿ ಊಟ ಮುಗಿಸುತ್ತದೆ. ನಾನು ಹುಯ್ದ ಔಷಧಿಯೂ ತೊಟ್ಟಿಯ ತಣ್ಣೀರಿನಲ್ಲೇ ಕಲಸಿದ್ದು. ಅಂದರೆ ದಿನ ಬಿಟ್ಟು ದಿನ ಸಸಿಗಳಿಗೆ ತಣ್ಣೀರ ಸ್ನಾನ ಮಾಡಿಸಿ ಬೂಷ್ಟಿಗೆ ಬಡಿಸಿದವನು ನಾನೇ. ಇಷ್ಟನ್ನೂ ಬಾಯಿ ಬಿಟ್ಟು ಹೇಳಲು ನನಗೆ ನಾಚಿಕೆಯಾಯಿತು, ಹೇಳಲಿಲ್ಲ. "ಹಂಗಾದ್ರೆ ಏನು ಮಾಡೋಣ ಅಂತೀಯ?" ಎಂದೆ.

ಅವಳು ಮಾಡಿದ್ದು ಬಾಣಂತನ. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಗೋಣಿತಾಟು ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಬಿಸಿಲು ಮೊದಲು ಬೀಳುವ ಮೂಲೆಯಲ್ಲಿಟ್ಟಳು. ಮೊಳಕೆ ಕಂಡ ದಿನವೇ ಬಿಚ್ಚಿ ಹರಡಿದಳು. ನೀರಿಗೆ ಕಪ್ಪು ಡ್ರಮ್ಮುಗಳನ್ನು ಬಿಸಿಲಿಗೆ ಇಡಿಸಿದಳು. ಹನ್ನೊಂದು ಗಂಟೆಗೆ ಮೊದಲು ಯಾರೂ ನೀರು ಮುಟ್ಟುವಂತಿಲ್ಲ. ಮುಟ್ಟಿದರೂ ಮೊದಲು ಡ್ರಮ್ಮಿಗೆ ಮೊಣಕೈ, ಆಮೇಲೆ ಟ್ರೇಗೆ ಮೊಣಕೈ, ಆಮೇಲೆ ಅರ್ಧ ಚೊಂಬು. ಬಲ್ಬು ಹಾಕಿ ಕಾಯಿಸೋಣ ಎಂದೆ. ಧರಣಪ್ಪನವರ ಮುಖ ನೆನಪಾಗಿ ಸುಮ್ಮನಾದೆ. ನೆರಳುಬಲೆಯ ಆ ಮೂಲೆಗೆ 'ಬಾಣಂತಿ ಕೋಣೆ' ಎಂದು ಹೆಸರಾಯಿತು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು, ಸೀನುವವರು ಹೊರಗೆ ನಿಲ್ಲಬೇಕು. ಶುಕ್ರವಾರ ಸಾಂಬ್ರಾಣಿ ಹೊಗೆ. ಇದೊಂದು ಬೇಡ, ಇದರಿಂದ ಸಸಿಗೆ ಏನೂ ಉಪಯೋಗವಿಲ್ಲ ಎಂದು ನಾನು ಕೈ ಮುಗಿದು ಕೇಳಿದೆ. "ಉಪಯೋಗ ನಿಂಗೆ ಐತೆ, ಸ್ನಾನ ಮಾಡಿ ಎಷ್ಟು ದಿನ ಆಯ್ತು?" ಎಂದಳು.

ಮೂರನೇ ಬಿತ್ತನೆ ಎದ್ದಿತು. ಎಂಟನೇ ದಿನ ಮೊಳಕೆ, ಇಪ್ಪತ್ತನೇ ದಿನಕ್ಕೆ ನಾಲ್ಕೆಲೆ. ಒಂದೊಂದು ಟ್ರೇಯಲ್ಲಿ ಮೂರು ನಾಲ್ಕು ಬಿದ್ದಿರಬಹುದು. ಓಂಕಾರಪ್ಪ ಬಂದು, ಬಗ್ಗಿ ಒಂದು ಸಸಿಯ ಬುಡವನ್ನು ಬೆರಳಿನಲ್ಲಿ ಅಲುಗಿಸಿ ನೋಡಿ, "ಯಾವ ಔಷಧಿ ಮಂಜಣ್ಣ?" ಎಂದರು.

ನಾನು ಗಂಟಲು ಸರಿಮಾಡಿಕೊಂಡು ಉಷ್ಣಾಂಶದ ವಿಷಯ ಶುರು ಮಾಡುವಷ್ಟರಲ್ಲಿ ದೇವೀರಮ್ಮ ನಡುವೆ ಬಂದಳು. "ಔಷಧಿ ಗಿವಷಧಿ ಏನಿಲ್ಲ ಸ್ವಾಮಿ, ಎರೆದಿದೀನಿ ಅಷ್ಟೇ. ಇವನಿಗೂ ನಾನೇ ಎರೆದಿದ್ದು. ನೀರು ಬಿದ್ದೇಟಿಗೇ ಇವನು..." ಬಾಣಾವರದವರೆಗೂ ನನ್ನ ಪ್ರಾಮಾಣಿಕತೆಯ ಸುದ್ದಿ ಹೋಯಿತು. ಸಸಿಗಳೂ ಹೋದವು.

ಅಲ್ಲಿಂದ ಎರಡು ವರ್ಷ ಅವಳದೇ ರಾಜ್ಯ. ಜನ ಬಂದು, "ಮಂಜಣ್ಣ, ಸಸಿ ದೇವೀರಮ್ಮನ ಕೈದೇ ತಾನೆ?" ಎಂದು ಕೇಳಿ ಖಾತ್ರಿ ಮಾಡಿಕೊಂಡು ಟ್ರೇ ಮುಟ್ಟುತ್ತಿದ್ದರು. ಅವಳ ನಡಿಗೆ ಬದಲಾಯಿತು. ಎಷ್ಟೋ ಕಾಲದಿಂದ ಕೈಗುಣ ಎಂಬ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ, ಈಗ ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ನನಗೆ ಖುಷಿಯಾಗುತ್ತಿತ್ತು. ಸ್ವಲ್ಪ ಹೊಟ್ಟೆಯೂ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಬೋರ್ಡಿನ ಮೇಲೆ ಇರುವುದು ನನ್ನ ಹೆಸರು.

ಮೂರನೇ ವರ್ಷ ಯುಗಾದಿ ಕಳೆದ ಮೇಲೆ ಬೇಲೂರಿನ ಕಡೆಯವರೊಬ್ಬರು ಎಲೆಕೋಸಿನ ಸಸಿ ಕೇಳಿದರು. ಸುಡುಬಿಸಿಲು. ದೇವೀರಮ್ಮ ಕೋಸಿನ ಬೀಜ ಬಿತ್ತಿ, ಟ್ರೇ ಪೇರಿಸಿ, ಗೋಣಿತಾಟು ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ಬಾಣಂತಿ ಕೋಣೆಯ ಬಿಸಿಲ ಮೂಲೆಗಿಟ್ಟಳು. ಮೊಳಕೆ ಬಂದ ಮೇಲೂ ಮೇಲೆ ಪ್ಲಾಸ್ಟಿಕ್ ಕಟ್ಟಿಯೇ ಬಿಟ್ಟಳು. "ಎಳೇ ಕೂಸಿಗೆ ಗಾಳಿ ಸೋಕಬಾರದು," ಎಂದಳು.

ಕೋಸು ತಂಪಿನ ಗಿಡ. ಸೆಕೆಯಲ್ಲಿ ಅದು ಸೊರಗುತ್ತದೆ. ಅಲ್ಲದೆ ಬೂಷ್ಟಿನಲ್ಲಿ ಜಾತಿಗಳುಂಟು. ಚಳಿಗೆ ಒಗ್ಗುವವು ಕೆಲವು, ಸೆಕೆಯಲ್ಲಿ ಚಿಗುರುವವು ಕೆಲವು. ಒದ್ದೆ ಎರಡಕ್ಕೂ ಬೇಕು. ಮೆಣಸಿನಕಾಯಿಯನ್ನು ಉಳಿಸಿದ ಬಿಸಿಯೇ ಕೋಸನ್ನು ಕೊಲ್ಲುತ್ತದೆ. ಇದೂ ಅದೇ ಪುಸ್ತಕದಲ್ಲಿ, ಅದೇ ಪುಟದಲ್ಲಿತ್ತು. ಈ ಸಲ ನನಗೆ ನೆನಪಿತ್ತು. ಹೇಳಬೇಕೆಂದು ಬಾಗಿಲವರೆಗೆ ಹೋದೆ. ಹೇಳಲಿಲ್ಲ. ಒಮ್ಮೆಯಾದರೂ ಈ ಮುದುಕಿ ಬಂದು ನನ್ನನ್ನು ಕೇಳಲಿ, ಆಮೇಲೆ ಹೇಳೋಣ ಎಂಬ ಹಾಳು ಬುದ್ಧಿ. ಎರಡು ದಿನ ಕಾದೆ. ಅವಳು ಕೇಳಲಿಲ್ಲ.

ಮೂರನೇ ದಿನ ಪ್ಲಾಸ್ಟಿಕ್ ಎತ್ತಿದಾಗ ಹುಳಿ ವಾಸನೆ ಹೊಡೆಯಿತು. ಒಂದೇ ಒಂದು ಸಸಿ ನಿಂತಿರಲಿಲ್ಲ. ಬಿದ್ದವುಗಳ ಮೇಲೆ ಜೇಡರ ಬಲೆಯಷ್ಟು ತೆಳ್ಳಗೆ ಬಿಳಿ ಬೂಷ್ಟು ಹರಡಿತ್ತು. ದೇವೀರಮ್ಮ ಮೊಣಕೈ ಒಡ್ಡಲಿಲ್ಲ.

"ನನ್ನ ಕೈ ಹೋಯ್ತು ಕಣೋ ಮಂಜ," ಎಂದಳು.

"ಅಯ್ಯೋ, ಒಂದು ಸಲ ಹೋದ್ರೆ ಏನಾಯ್ತು ಬಿಡು."

"ಒಂದು ಸಲ ಅಲ್ಲ. ಆ ನರ್ಸಮ್ಮ ಹೇಳಿದ್ಲಲ್ಲ, ಬಿಸಿ ಮಾಡಿ ಮುಚ್ಚಿಡಬ್ಯಾಡ್ರಿ, ಕೂಸಿಗೆ ಆಗಲ್ಲ ಅಂತ. ನಾನು ನಗಾಡಿದ್ದೆ. ಈಗ ನೋಡು." ಸೆರಗಿನಿಂದ ಕೈ ಒರೆಸಿಕೊಂಡಳು. "ನಲವತ್ತು ವರ್ಷ ಎಷ್ಟು ಕೂಸಿಗೆ ಹಿಂಗೆ ಮಾಡಿದ್ನೋ ಏನೋ." ಬುತ್ತಿಯ ಡಬ್ಬಿ ತೆಗೆದುಕೊಂಡು ಹೊರಟುಹೋದಳು. ಮರುದಿನ ಬರಲಿಲ್ಲ, ಆ ವಾರವೂ ಬರಲಿಲ್ಲ.

ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಕೋಸು ಹೋದದ್ದಕ್ಕಲ್ಲ, ಕೋಸು ಮತ್ತೆ ಬಿತ್ತಬಹುದು. ಒಂದು ಮಾತು ಹೇಳದೆ ಬಾಯಿ ಮುಚ್ಚಿಕೊಂಡು, ಆ ಹೆಂಗಸಿನ ನಲವತ್ತು ವರ್ಷದ ಕೈಯನ್ನೇ ಅವಳು ಅನುಮಾನದಿಂದ ನೋಡುವ ಹಾಗೆ ಮಾಡಿದ್ದೆ. ನನ್ನ ಮೈಮೇಲೆಲ್ಲ ಹರಿದಾಡಿದ ಕೈ ಅದು.

ಎರಡು ಟ್ರೇ ಕೋಸು ಬಿತ್ತಿದೆ. ಒಂದನ್ನು ಅವಳ ಹಾಗೆಯೇ ಬಿಸಿಲಲ್ಲಿ ಮುಚ್ಚಿಟ್ಟೆ. ಇನ್ನೊಂದನ್ನು ಹೊಂಗೆಮರದ ಕೆಳಗೆ, ಒದ್ದೆ ಮರಳಿನ ಮೇಲೆ ಕಲ್ಲು ಜೋಡಿಸಿ, ಗಾಳಿ ಆಡುವ ಹಾಗೆ ಇಟ್ಟೆ. ಹನ್ನೆರಡನೇ ದಿನ ಎರಡನ್ನೂ ಸ್ಕೂಟರಿನ ಮುಂದೆ ಇಟ್ಟುಕೊಂಡು ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು.

ಟ್ರೇಗಳನ್ನು ಎದುರಿಗಿಟ್ಟೆ. ಮುಚ್ಚಿಟ್ಟದ್ದು ಪೂರಾ ಮಲಗಿತ್ತು. ಮರದ ಕೆಳಗಿನದು ಎದ್ದು ನಿಂತಿತ್ತು.

"ಎರಡೂ ನಾನೇ ಬಿತ್ತಿದ್ದು, ಒಂದೇ ಕೈ," ಎಂದೆ. "ಕೈಯ ತಪ್ಪಲ್ಲ ದೇವೀರಮ್ಮ. ಮೆಣಸಿನಕಾಯಿಗೆ ಬೆಚ್ಚಗಿರಬೇಕು, ಕೋಸಿಗೆ ತಣ್ಣಗಿರಬೇಕು. ಬೂಷ್ಟು ಎರಡು ಕಡೆಯೂ ಕಾಯ್ತಿರುತ್ತೆ, ಸಸಿ ಯಾವುದರಲ್ಲಿ ಸುಸ್ತಾಗುತ್ತೋ ಅಲ್ಲಿ ಹಿಡಿಯುತ್ತೆ. ನನಗೆ ಇದು ಗೊತ್ತಿತ್ತು. ನೀನು ಮುಚ್ಚಿದ ದಿನವೇ ಗೊತ್ತಿತ್ತು. ಹೇಳಲಿಲ್ಲ."

"ಯಾಕೆ?"

"ಹೊಟ್ಟೆಕಿಚ್ಚು."

ಹುಣಸೆಹಣ್ಣಿನ ಕೈಯಲ್ಲೇ ನನ್ನ ಕೆನ್ನೆಗೆ ಒಂದು ಬಿಟ್ಟಳು. ಜೋರಾಗೇನೂ ಅಲ್ಲ, ಆದರೆ ಅಂಟಿಕೊಂಡಿತು. ಆಮೇಲೆ ಎದ್ದು ನಿಂತ ಸಸಿಗಳ ಟ್ರೇಯನ್ನು ತೊಡೆಯ ಮೇಲೆ ಎಳೆದುಕೊಂಡು, ಮೊದಲ ಸಲ ಕೋಸಿನ ಸಸಿಗಳಿಗೆ ಮೊಣಕೈ ಒಡ್ಡಿ, ಕಣ್ಣು ಮುಚ್ಚಿ ಕೂತಳು.

"ಏಳು ತಿಂಗಳಿಗೆ ಹುಟ್ಟಿದ ಕೂಸಿಗೆ ಒಂದು ನೀರು, ತುಂಬಿದ ಕೂಸಿಗೆ ಒಂದು ನೀರು," ಎಂದಳು. "ಬೇಸಿಗೆ ಕೂಸಿಗೆ ಹೊಗೆ ಕಮ್ಮಿ ಮಾಡ್ತಿದ್ದೆ, ಕಿಟಕೀನೂ ತೆಗೀತಿದ್ದೆ. ಅವರವ್ವಂದಿರು ಬೈತಿದ್ರು, ಆದ್ರೂ ತೆಗೀತಿದ್ದೆ. ಕೂಸನ್ನ ನೋಡಿ ಎರೀತಿದ್ದೆ ಕಣೋ. ಈ ಕೋಸನ್ನ ನೋಡಲೇ ಇಲ್ಲ ನಾನು. ಎಲ್ಲರೂ ಕೈ ಕೈ ಅಂದ್ರಲ್ಲ, ಕೈಯನ್ನೇ ನೋಡ್ಕೊಂಡು ಕೂತೆ." ಟ್ರೇ ಕೆಳಗಿಟ್ಟು, "ನಾಳೆ ಬತ್ತೀನಿ. ಆ ಮರದ ಕೆಳಗೆ ಜಾಗ ಗುಡಿಸಿಡು," ಎಂದಳು.

ಅಲ್ಲಿಂದ ನರ್ಸರಿಯಲ್ಲಿ ಎರಡು ಕೋಣೆ. ಮೆಣಸಿನಕಾಯಿ, ಬದನೆ, ಟೊಮೆಟೊ ಬಾಣಂತಿ ಕೋಣೆಗೆ. ಕೋಸು, ಹೂಕೋಸು ಹೊಂಗೆಮರದ ಕೆಳಗೆ. ಅದಕ್ಕೆ ಅವಳಿಟ್ಟ ಹೆಸರು 'ಅತ್ತೆ ಮನೆ'. ಅಲ್ಲಿ ಯಾರೂ ಬೆಚ್ಚಗೆ ನೋಡಿಕೊಳ್ಳುವುದಿಲ್ಲ, ಆದರೂ ಬದುಕಬೇಕು. ನಾನು ಹಾಸನಕ್ಕೆ ಹೋಗಿ ಮಣ್ಣಿಗೆ ಚುಚ್ಚುವ ಥರ್ಮಾಮೀಟರು ತಂದೆ. ಅವಳು ಮೊಣಕೈಯಿಟ್ಟು ಹೇಳಿದ ಮೇಲೆ ನಾನು ಚುಚ್ಚಿ ನೋಡುತ್ತಿದ್ದೆ. ಇಬ್ಬರ ಮಾತೂ ಹೆಚ್ಚು ಕಡಿಮೆ ಒಂದೇ ಆಗಿರುತ್ತಿತ್ತು. "ನಿನ್ನ ಕಡ್ಡಿ ಪರವಾಗಿಲ್ಲ, ಕಲೀತಾ ಐತೆ," ಎನ್ನುವಳು. ಆದರೂ ತಾನು ಮುಟ್ಟದೆ ಇನ್ನೊಬ್ಬರ ಮಾತಿನ ಮೇಲೆ ಒಂದು ಚೊಂಬು ನೀರನ್ನೂ ಹುಯ್ದವಳಲ್ಲ. ನಾನು ಹೇಳಿದರೂ ಅಷ್ಟೇ. "ಸರಿ," ಎಂದು ತಲೆಯಾಡಿಸಿ, ಹೋಗಿ ಮೊಣಕೈ ಒಡ್ಡಿ ಬರುವಳು.

ದೇವೀರಮ್ಮ ಹೋಗಿ ಎರಡು ಚಳಿಗಾಲ ಕಳೆಯಿತು. ಹೋಗುವ ಮುಂಚಿನ ವಾರ ನೋಡಲು ಹೋಗಿದ್ದೆ. ಮೈ ಇಳಿದು ಒಂದು ಹಿಡಿ ಆಗಿದ್ದಳು. ಎಡಗೈಗೆ ಲಕ್ವಾ ಹೊಡೆದು ಸ್ಪರ್ಶವೇ ಇರಲಿಲ್ಲ. ಆ ಮೊಣಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನಗೆ ಅದರ ಕಡೆ ನೋಡಲಾಗಲಿಲ್ಲ.

ಸೊಸೆ ಬಚ್ಚಲಲ್ಲಿ ನೀರು ತೋಡಿಟ್ಟು ಕರೆಯಲು ಬಂದಳು. ದೇವೀರಮ್ಮ ಏಳಲಿಲ್ಲ. "ಮಂಜ, ನೀನು ಹೋಗಿ ನೋಡಿ ಬಾ," ಎಂದಳು. "ಇವಳು ಅಂಗೈ ಅದ್ದಿ ನೋಡ್ತಾಳೆ."

ಬಚ್ಚಲಿಗೆ ಹೋಗಿ ಅಂಗಿಯ ತೋಳು ಮಡಚಿ ಬಕೆಟ್ಟಿಗೆ ಮೊಣಕೈ ಇಳಿಸಿದೆ. ಸ್ವಲ್ಪ ಜಾಸ್ತಿ ಅನಿಸಿತು. ಗಟ್ಟಿ ಚರ್ಮಕ್ಕೆ ಆಗಬಹುದು, ಈ ಮುದಿ ಚರ್ಮಕ್ಕೆ ಆಗದು. ಒಂದು ಚೊಂಬು ತಣ್ಣೀರು ಬೆರೆಸಿದೆ, ಮತ್ತೆ ನೋಡಿದೆ, ಇನ್ನರ್ಧ ಬೆರೆಸಿದೆ. ಮೆಣಸಿನಕಾಯಿಗೆ ಇಷ್ಟು ಹೆದರಿದವನಲ್ಲ ನಾನು. ಬಂದು, "ಹದ ಐತೆ," ಎಂದೆ.

ಇನ್ನೊಂದು ಕೈಯಿದೆಯಲ್ಲ, ಅದರಲ್ಲಿ ಮುಟ್ಟಿ ನೋಡುತ್ತಾಳೆ ಎಂದುಕೊಂಡಿದ್ದೆ. ಸೊಸೆಯ ಹೆಗಲು ಹಿಡಿದು ಒಳಗೆ ಹೋದಳು. ಬಕೆಟ್ಟಿನ ಕಡೆ ತಿರುಗಲೂ ಇಲ್ಲ. "ಹುಯ್ಯಿ," ಎಂದದ್ದು ಕೇಳಿಸಿತು. ಬಾಗಿಲು ಮುಚ್ಚಿಕೊಂಡಿತು.

ನಾನು ಗೋಡೆಯ ಈಚೆ, ಮಡಚಿದ ತೋಳನ್ನು ಬಿಚ್ಚದೆ ನಿಂತಿದ್ದೆ. ಮೊದಲ ಚೊಂಬಿನ ಸದ್ದಾಯಿತು. ಆಮೇಲೆ ಸೊಸೆ "ಅಯ್ಯೋ ಅತ್ತೆ" ಎಂದದ್ದು, ಅವಳು ಕೆಮ್ಮಿದ ಹಾಗೆ ನಕ್ಕದ್ದು, ಆಮೇಲೆ ಒಳಗಿನಿಂದ ಅವಳ ದನಿ.

"ಮಂಜ, ನಿನ್ನ ನೀರು ಹದ ಐತೆ ಕಣೋ. ಬಿದ್ದೇಟಿಗೇ ನಂಗೂ ನಿನ್ನಂಗೇ ಆಗೋಯ್ತು."